ಫೈಬರ್ ಕಾರಿನ ಬೆನ್ನಿಗೆ ಕಬ್ಬಿಣದ ಕ್ಯಾರಿಯರ್

ಎರಡೇ ಸೀಟಿನ ಕಾರು ಇಟ್ಟುಕೊಂಡವರನ್ನು ದಾರಿಯಲ್ಲಿ ಸಿಕ್ಕವರು ಕೇಳುವುದು ಮೈಲೇಜ್ ಎಷ್ಟು ಅಂತ. ಮನೆಯವರು ಕೇಳುವುದು ಬೇರೆ: ಬ್ಯಾಗ್ ಎಲ್ಲಿಡೋದು?

ನಮ್ಮದು ಸ್ಯಾನ್ ಸ್ಟಾರ್ಮ್. ಹೆಸರು ಕೇಳಿದರೆ ಜಾಸ್ತಿ ಜನಕ್ಕೆ ಗೊತ್ತಾಗುವುದಿಲ್ಲ. ಸಣ್ಣ ರೈಲು ಎಂಜಿನ್ ಮಾಡುತ್ತಿದ್ದ ಬೆಂಗಳೂರಿನ ಸ್ಯಾನ್ ಕಂಪನಿ 1998ರಲ್ಲಿ ಈ ಕಾರು ಹೊರತಂದಿತು. ತಯಾರಾಗುತ್ತಿದ್ದದ್ದು ಗೋವಾದಲ್ಲಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ ನಮ್ಮ ಜಿಲ್ಲೆಗಿಂತ ಈ ಕಾರು ಒಂದು ವರ್ಷ ಚಿಕ್ಕದು. ಒಳಗಿರುವುದು ರೆನೋದ 1149 ಸಿಸಿ ಎಂಜಿನ್, 60 ಅಶ್ವಶಕ್ತಿ. ಮೇಲೆ ಮಡಚುವ ಬಟ್ಟೆಯ ಟಾಪ್. ಮೈಯೆಲ್ಲ ಫೈಬರ್. ಇದರ ಡಿಕ್ಕಿಯಲ್ಲಿ ಒಂದು ಬಟ್ಟೆ ಚೀಲ, ಒಂದು ಟೂಲ್ ಚೀಲ ಇಟ್ಟರೆ ಆಯಿತು, ಬಾಗಿಲು ಹಾಕಬೇಕು.

ಹೆಂಡತಿಯ ಊರು ಹೊಸದುರ್ಗದ ಕಡೆ. ತೆಂಗಿನ ಸೀಮೆ. ಅತ್ತೆ ಮನೆಯಿಂದ ಹೊರಡುವಾಗ ಬೇಡ ಅಂದಷ್ಟೂ ಕಾಯಿ ಜಾಸ್ತಿಯಾಗುತ್ತವೆ. ಹೋಗುವಾಗ ಆರಾಮಾಗಿ ಟಾಪ್ ತೆಗೆದು ಹೋಗುತ್ತೇವೆ. ಬರುವಾಗ ಅವಳ ಕಾಲ ಬುಡದಲ್ಲಿ ಕಾಯಿ ಚೀಲ, ಮಡಿಲಲ್ಲಿ ಸೂಟ್‌ಕೇಸ್, ಸೀಟಿನ ಹಿಂದಿನ ಸಂದಿಯಲ್ಲಿ ಉಪ್ಪಿನಕಾಯಿ ಡಬ್ಬಿ. ಹೊಳಲ್ಕೆರೆ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತದೆ. "ಈ ಕಾರಲ್ಲಿ ನಾನಾದ್ರೂ ಬರ್ತೀನಿ, ಕಾಯಾದ್ರೂ ಬರ್ಲಿ" ಅಂತ ಅವಳು ಹೇಳಿಬಿಟ್ಟಳು. ಬೇರೆ ಕಾರು ತಗೋ ಅನ್ನಲಿಲ್ಲವಲ್ಲ ಅನ್ನೋದೇ ಸಮಾಧಾನ.

ಬಟ್ಟೆಯ ಟಾಪ್ ಮೇಲೆ ಏನನ್ನೂ ಹೇರುವ ಹಾಗಿಲ್ಲ. ಉಳಿದಿದ್ದು ಡಿಕ್ಕಿಯ ಮೇಲಿನ ಜಾಗ. ಹೊರದೇಶಗಳಲ್ಲಿ ಇಂಥ ಕಾರುಗಳಿಗೆ ಇದೇನು ಹೊಸದಲ್ಲ. 1960ರ ದಶಕದ ಎಂಜಿ, ಟ್ರಯಂಫ್ ಕಾರುಗಳ ಡಿಕ್ಕಿಯ ಮೇಲೆ ಹೊಳೆಯುವ ಕ್ರೋಮ್ ಕ್ಯಾರಿಯರ್ ಇರುವ ಚಿತ್ರ ನೀವೂ ನೋಡಿರಬಹುದು. ಮಾಜ್ದಾ ಎಂಎಕ್ಸ್-5 ಇಟ್ಟುಕೊಂಡವರಿಗೆ ಇವತ್ತಿಗೂ ರೆಡಿಮೇಡ್ ಸಿಗುತ್ತದೆ. ಡಿಕ್ಕಿ ಬಾಗಿಲಿನ ಅಂಚಿಗೆ ಕೊಕ್ಕೆ ಸಿಕ್ಕಿಸಿ ಬೆಲ್ಟ್ ಎಳೆದರೆ ಕೂರುತ್ತದೆ. ಆದರೆ ಆ ಹಳೇ ಕಾರುಗಳ ಡಿಕ್ಕಿ ಬಾಗಿಲು ಉಕ್ಕಿನ ತಗಡು. ನಮ್ಮದು ಗಾಜಿನ ನಾರು ಮತ್ತು ರಾಳ. ಸ್ಟಾರ್ಮ್‌ಗೆ ಅಂತಲೇ ಕ್ಯಾರಿಯರ್ ಮಾಡಿ ಮಾರುವವರು ನನಗಂತೂ ಸಿಗಲಿಲ್ಲ. ಮಾಡಿಸಬೇಕು, ಅದೂ ಇಲ್ಲೇ, ದಾವಣಗೆರೆಯಲ್ಲೇ.

ಹಳೇ ಪಿ.ಬಿ. ರಸ್ತೆಯ ಕಡೆ ಒಂದು ವೆಲ್ಡಿಂಗ್ ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್ ಮಾಡುತ್ತಾರೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅಂಗಡಿ ಮುಂದೆ ಮುರಿದ ಟ್ರೈಲರ್‌ಗಳು ಸಾಲಾಗಿ ನಿಲ್ಲುತ್ತವೆ. ಸುಗ್ಗಿ ಮುಗಿಯಲಿ ಅಂತ ಕಾದು ಕಾರು ತಗೊಂಡು ಹೋದೆ. ಮೇಸ್ತ್ರಿ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದರು. ಡಿಕ್ಕಿ ಬಾಗಿಲಿನ ನಡುವೆ ಹೆಬ್ಬೆರಳು ಊರಿ ಒತ್ತಿದರು. ಅದು ಬಗ್ಗಿತು, ಬಿಟ್ಟಾಗ ಮೇಲೆ ಬಂತು.

"ಇದರ ಮ್ಯಾಲೆ ಭಾರ ಹಾಕಬ್ಯಾಡ್ರಿ. ಇದು ಮುಚ್ಚಳ. ಮುಚ್ಚಾಕಷ್ಟೇ ಇರೋದು. ಕೆಳಗೆ ಕಬ್ಬಿಣ ಎಲ್ಲೈತಿ, ಅದನ್ನ ತೋರ್ಸ್ರಿ."

ಮುಂದೆ ನಡೆದ ಕೆಲಸವೆಲ್ಲ ಈ ಮಾತಿನ ಮೇಲೇ ನಿಂತಿತು. ಸುಲಭದ ದಾರಿ ಬೇರೆಯೇ ಇತ್ತು. ಬಾಗಿಲಿಗೆ ನಾಲ್ಕು ತೂತು ಹೊಡೆದು, ಒಳಗಿನಿಂದ ದೊಡ್ಡ ವಾಷರ್ ಕೊಟ್ಟು, ಬೋಲ್ಟ್ ಬಿಗಿದು ಕ್ಯಾರಿಯರ್ ಕೂರಿಸುವುದು. ನೋಡಲೂ ಚೆಂದ. ಆದರೆ ಉಕ್ಕಿನ ತಗಡಿಗೆ ಭಾರ ಜಾಸ್ತಿಯಾದರೆ ಅದು ಮೊದಲು ತಗ್ಗುತ್ತದೆ, ನಮಗೆ ಕಣ್ಣಿಗೆ ಕಾಣುತ್ತದೆ. ಫೈಬರ್ ಹಾಗೆ ಹೇಳಿ ಕೇಳಿ ಕೆಡುವುದಿಲ್ಲ. ಭಾರವೆಲ್ಲ ಒಂದೇ ಬಿಂದುವಿಗೆ ಬಿದ್ದರೆ ಮೇಲಿನ ನುಣುಪು ರಾಳದ ಪದರದಲ್ಲಿ, ಅಂದರೆ ಜೆಲ್‌ಕೋಟ್‌ನಲ್ಲಿ, ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ. ಒಳಗೆ ನಾರಿನ ಪದರಗಳು ಬಿಡಿಸಿಕೊಳ್ಳುತ್ತವೆ. ಆಮೇಲೆ ಒಂದು ದಿನ ಬಾಗಿಲೇ ಸೀಳುತ್ತದೆ. ಈ ಕಾರಿನ ಇನ್ನೊಂದು ಬಾಗಿಲು ಹುಡುಕುವುದಕ್ಕಿಂತ ಇನ್ನೊಂದು ಕಾರು ಹುಡುಕುವುದೇ ವಾಸಿ.

ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಬೇಕು. 20 ಕೆ.ಜಿ. ಸಾಮಾನು ನಿಂತ ಕಾರಿನ ಮೇಲಷ್ಟೇ 20 ಕೆ.ಜಿ. ರೋಡ್ ಹಂಪ್ ಹಾರಿ ಇಳಿದ ಗಳಿಗೆಯಲ್ಲಿ ಅದು ಎರಡು, ಮೂರು ಪಟ್ಟಾಗಿ ಒತ್ತುತ್ತದೆ. ಹಾಗಾಗಿ ನಾವು 60 ಕೆ.ಜಿ.ಗೆ ಅಂತಲೇ ಮಾಡಬೇಕು. ಮೇಸ್ತ್ರಿಯ ಲೆಕ್ಕ ಇನ್ನೂ ಸರಳ: "ನಾನು ಹತ್ತಿ ನಿಂತ್ರೆ ತಡೀಬೇಕು."

ಕಾರನ್ನು ಜಾಕ್ ಮೇಲೆತ್ತಿ ಹಿಂದಿನ ಬಂಪರ್ ಬಿಚ್ಚಿದೆವು. ಒಳಗೆ ಚಾಸಿಗೆ ಸೇರಿದ ಅಡ್ಡ ಉಕ್ಕು ಕಂಡಿತು. ಅದರ ಎರಡೂ ತುದಿಯಲ್ಲಿ ಬಂಪರ್ ಬ್ರಾಕೆಟ್‌ನ ಬೋಲ್ಟ್‌ಗಳು. ಮೇಲೆ ಧೂಳು, ಗ್ರೀಸು, ಕೆಮ್ಮಣ್ಣು. ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿದರೆ ತುಕ್ಕು ಮೇಲ್ಪದರದಲ್ಲಷ್ಟೇ ಇತ್ತು. ಸುತ್ತಿಗೆಯಲ್ಲಿ ತಟ್ಟಿದಾಗ ಟಣ್ ಅಂದಿತು. ಇಪ್ಪತ್ತೈದು ವರ್ಷದ ಕಾರಿನಲ್ಲಿ ಈ ತಪಾಸಣೆ ಮಾಡದೆ ಮುಂದೆ ಹೋಗಲೇಬಾರದು. ಬುಡವೇ ಪೊಳ್ಳಾದರೆ ಮೇಲೆ ಎಂಥ ಪೈಪ್ ಹಾಕಿ ಏನು ಬಂತು?

ಹೀಗೆ ನಕ್ಷೆ ತಾನಾಗಿಯೇ ಹುಟ್ಟಿತು. ಆ ಎರಡು ಕಡೆಯಿಂದ ಎರಡು ಕಾಲುಗಳು ಬಂಪರ್ ಹಿಂದಿನಿಂದ ಮೇಲೇಳುತ್ತವೆ. ಡಿಕ್ಕಿಯ ಎತ್ತರ ದಾಟಿದ ಮೇಲೆ ಮುಂದಕ್ಕೆ ಬಾಗಿ, ಬಾಗಿಲನ್ನು ಮುಟ್ಟದೆ ಅದರ ಮೇಲೆ ಚಾಚಿಕೊಳ್ಳುತ್ತವೆ. ಭಾರವೆಲ್ಲ ಕಾಲಿನಿಂದ ನೇರ ಚಾಸಿಗೆ. ಮುಂದಿನ ತುದಿಗೆ ಎರಡು ಅಗಲವಾದ ರಬ್ಬರ್ ಪಾದ, ಅವು ಬರೀ ಅಲುಗಾಟ ತಡೆಯುವುದಕ್ಕೆ. ಡಿಕ್ಕಿ ತೆರೆಯಬೇಕಾದರೆ ಇಡೀ ಕ್ಯಾರಿಯರ್ ಹಿಂದಕ್ಕೆ ಮಡಚಬೇಕು.

ಕಬ್ಬಿಣ ಕತ್ತರಿಸುವ ಮೊದಲು ಎಲೆಕ್ಟ್ರಿಕಲ್ ಅಂಗಡಿಯಿಂದ ವೈರಿಂಗಿಗೆ ಬಳಸುವ ಪಿವಿಸಿ ಪೈಪು, ಎಲ್ಬೋ, ಟೀ ತಂದೆ. ಅಂಟು ಹಾಕದೆ ಸುಮ್ನೆ ಸಿಕ್ಕಿಸಿ ಮನೆ ಅಂಗಳದಲ್ಲೇ ಕಾರಿನ ಮೇಲೆ ಪೂರ್ತಿ ಕ್ಯಾರಿಯರ್ ಕಟ್ಟಿದೆ. ಖರ್ಚು ನೂರಿನ್ನೂರು ರೂಪಾಯಿ. ಇದರಿಂದ ಎಷ್ಟು ವಿಷಯ ಗೊತ್ತಾಯಿತೆಂದರೆ, ಕಾಗದದ ಮೇಲೆ ಚೆಂದ ಕಂಡ ಅಗಲ ಹಿಂದಿನ ದೀಪವನ್ನು ಮುಚ್ಚುತ್ತಿತ್ತು. ಎತ್ತರ ಜಾಸ್ತಿ ಇಟ್ಟರೆ ಹಿಂದಿನ ಗಾಜಿನಲ್ಲಿ ಬರೀ ಸೂಟ್‌ಕೇಸ್ ಕಾಣುತ್ತದೆ. ತೀರ ಕೆಳಗಿಟ್ಟರೆ ಟಾಪ್ ಮಡಚುವಾಗ ಬಟ್ಟೆ ಉಜ್ಜುತ್ತದೆ. ಪಕ್ಕದ ಮನೆಯ ಹುಡುಗ ಬಂದು "ಅಂಕಲ್, ಟೊಮೇಟೊ ಚಪ್ಪರಾನಾ?" ಅಂತ ಕೇಳಿದ.

ಕೊನೆಗೆ ಅಗಲ 80 ಸೆಂಟಿಮೀಟರ್, ಉದ್ದ 42 ಸೆಂಟಿಮೀಟರ್‌ಗೆ ಬಂದು ನಿಂತಿತು. ವಿಮಾನದೊಳಗೆ ಒಯ್ಯಲು ಬಿಡುವ 55 ಸೆಂಟಿಮೀಟರ್ ಉದ್ದದ ಸೂಟ್‌ಕೇಸ್ ಒಂದು ಅಡ್ಡ ಮಲಗುತ್ತದೆ, ಪಕ್ಕದಲ್ಲಿ ಒಂದು ಸಣ್ಣ ಕೈಚೀಲಕ್ಕೆ ಜಾಗ ಉಳಿಯುತ್ತದೆ. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಯಾವುದನ್ನೂ ಮರೆಮಾಡುವುದಿಲ್ಲ. ಇದನ್ನು ಮಾತ್ರ ಎರಡೆರಡು ಸಲ ನೋಡಿಕೊಂಡೆ, ರಾತ್ರಿ ಹೊತ್ತು ಹಿಂದೆ ನಿಂತು ಬೇರೆಯವರ ಕೈಯಲ್ಲಿ ಬ್ರೇಕ್ ತುಳಿಸಿಯೂ ನೋಡಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅದಕ್ಕೇ ಕಾರಿಗೆ ಒಂದೂ ಹೊಸ ತೂತು ಬೇಡ, ಎಲ್ಲಿಯೂ ಕತ್ತರಿಸುವುದು ಬೇಡ, ಬೇಡವಾದಾಗ ಬಿಚ್ಚಿಟ್ಟರೆ ಕಾರು ಮೊದಲಿದ್ದ ಹಾಗೇ ಇರಬೇಕು ಅಂತ ಮೊದಲೇ ತೀರ್ಮಾನಿಸಿಕೊಂಡಿದ್ದೆ.

ಮುಂದಿನ ಚರ್ಚೆ ಯಾವ ಪೈಪ್ ಅನ್ನೋದು. ನನ್ನ ಮನಸ್ಸು ಸ್ಟೇನ್‌ಲೆಸ್ ಸ್ಟೀಲಿನ ಕಡೆ ಇತ್ತು. ಹೊಳಪು, ತುಕ್ಕಿನ ಕಾಟ ಇಲ್ಲ. ಆದರೆ ಗೇಟು, ರೇಲಿಂಗಿಗೆ ಸಾಮಾನ್ಯವಾಗಿ ಬರುವುದು 202 ಗ್ರೇಡು. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಮಳೆ, ಕೆಸರಿಗೆ ಸಿಕ್ಕರೆ ಕಂದು ಚುಕ್ಕೆ ಬರುತ್ತವೆ. 304 ತಡೆಯುತ್ತದೆ, ಬೆಲೆಯೂ ಹಾಗೇ ಇದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಆಯಸ್ಕಾಂತ ಹಿಡಿದರೂ ಗೊತ್ತಾಗಲ್ಲ. ಜೊತೆಗೆ ಸ್ಟೇನ್‌ಲೆಸ್ಸನ್ನು ಚೆನ್ನಾಗಿ ಬೆಸೆಯಬೇಕಾದರೆ ಆರ್ಗಾನ್ ವೆಲ್ಡಿಂಗ್ ಬೇಕು. ನಮ್ಮ ಮೇಸ್ತ್ರಿಯ ಕೈ ಪಳಗಿರುವುದು ಸಾದಾ ಕಬ್ಬಿಣದಲ್ಲಿ. ಹೊಸದುರ್ಗದ ದಾರಿಯಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಯಾವ ಹಳ್ಳಿಯ ವೆಲ್ಡಿಂಗ್ ಶಾಪಿನಲ್ಲೂ ಸಾದಾ ಕಬ್ಬಿಣಕ್ಕೆ ಒಂದು ಟಾಕಿ ಹಾಕಿಸಬಹುದು. ಸಾದಾ ಕಬ್ಬಿಣವೇ ಗೆದ್ದಿತು. ಕಾಲುಗಳಿಗೆ 25 ಮಿಲಿಮೀಟರ್, ಮೇಲಿನ ಚೌಕಟ್ಟಿಗೆ 19 ಮಿಲಿಮೀಟರ್ ಪೈಪು, ಎರಡೂ 16 ಗೇಜು, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ. 19ರ ಪೈಪು ಮೀಟರಿಗೆ 700 ಗ್ರಾಂ ಹತ್ತಿರ ತೂಗುತ್ತದೆ, 25ರದ್ದು 900 ಗ್ರಾಂ ದಾಟುತ್ತದೆ. ಪ್ಲೇಟು, ಬೋಲ್ಟು ಎಲ್ಲ ಸೇರಿ ಕ್ಯಾರಿಯರ್ ಏಳು ಕೆ.ಜಿ. ಒಳಗೆ ನಿಂತಿತು.

ಬಾಗಿಸುವ ಕೆಲಸ ನೋಡುವಂಥದ್ದು. ಸಣ್ಣ ಪೈಪನ್ನು ಹಾಗೇ ಬಾಗಿಸಿದರೆ ಬಾಗಿದ ಜಾಗ ಚಪ್ಪಟೆಯಾಗುತ್ತದೆ, ಅಲ್ಲೇ ಬಲ ಹೋಗುತ್ತದೆ. ಮೇಸ್ತ್ರಿ ಪೈಪಿನ ಒಂದು ತುದಿಗೆ ಮರದ ಬೆಣೆ ಹೊಡೆದು, ಜರಡಿ ಹಿಡಿದ ಮರಳು ತುಂಬಿಸಿದರು. ತುಂಬಿಸುತ್ತ ಹೊರಗಿನಿಂದ ಕೋಲಿನಲ್ಲಿ ತಟ್ಟುತ್ತಿದ್ದರು. ಮರಳು ಇಳಿದು ಇಳಿದು ಗಟ್ಟಿಯಾಗಿ ಕೂರುತ್ತಿತ್ತು. ಅದಕ್ಕೂ ಮೊದಲು ಆ ಮರಳನ್ನು ತಗಡಿನ ಮೇಲೆ ಹರಡಿ ಬೆಂಕಿಯಲ್ಲಿ ಹುರಿದಿದ್ದರು. ಮರಳಿನಲ್ಲಿ ಪಸೆ ಇದ್ದರೆ ಪೈಪ್ ಕಾಯಿಸಿದಾಗ ಒಳಗೆ ಆವಿಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದಂತೆ. ಇನ್ನೊಂದು ತುದಿಗೂ ಬೆಣೆ ಬಿತ್ತು. ಬಾಗಬೇಕಾದ ಜಾಗಕ್ಕೆ ಗ್ಯಾಸ್ ಉರಿ ಹಿಡಿದರು. ಕೆಂಪಡರಿದ ಮೇಲೆ ನೆಲಕ್ಕೆ ಹುಗಿದ ದಪ್ಪ ಪೈಪಿನ ಸುತ್ತ ನಿಧಾನಕ್ಕೆ ಎಳೆದರು. ಒಂದು ಸುಕ್ಕಿಲ್ಲ, ಒಂದು ತಗ್ಗಿಲ್ಲ. ಹೈಡ್ರಾಲಿಕ್ ಬೆಂಡರ್ ಇರುವ ಶಾಪಿಗೆ ಹೋಗಿದ್ದರೆ ಹತ್ತು ನಿಮಿಷದ ಕೆಲಸ ನಿಜ. ನನಗೆ ಇದನ್ನು ನೋಡುವ ಆಸೆ ಇತ್ತು, ಅಷ್ಟೇ.

ಒಂದು ದುಂಡು ಪೈಪು ಇನ್ನೊಂದು ದುಂಡು ಪೈಪಿಗೆ ಅಡ್ಡ ಸೇರುವಾಗ ತುದಿಯನ್ನು ನೇರಕ್ಕೆ ಕತ್ತರಿಸಿದರೆ ಎರಡು ಕಡೆ ಮುಟ್ಟುತ್ತದೆ, ಉಳಿದಲ್ಲಿ ಸಂದಿ. ಆ ಸಂದಿಯನ್ನು ವೆಲ್ಡಿಂಗ್‌ನಿಂದಲೇ ತುಂಬಿಸುವ ಚಾಳಿ ತುಂಬಾ ಕಡೆ ಇದೆ. ಗೇಟಿಗೆ ನಡೆಯುತ್ತದೆ, ಅಲುಗುವ ಕ್ಯಾರಿಯರ್‌ಗೆ ನಡೆಯಲ್ಲ. ತುದಿಯನ್ನು ಮೀನಿನ ಬಾಯಿಯ ಆಕಾರಕ್ಕೆ ಕೊರೆಯಬೇಕು. ಗ್ರೈಂಡರ್‌ನಲ್ಲಿ ಎರಡು ಕಿವಿ ತೆಗೆದು, ಅರ್ಧ ದುಂಡಿನ ಅರದಲ್ಲಿ ತಿದ್ದಿ ತಿದ್ದಿ ಕೂರಿಸಬೇಕು. ಈ ಕೆಲಸ ನಾನೇ ಮನೆಯಲ್ಲಿ ಕೂತು ಮಾಡಿದೆ. ಒಂದು ತುದಿ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ಜೋಡಿಸಿ ಬಿಸಿಲಿಗೆ ಹಿಡಿದರೆ ಬೆಳಕು ತೂರಬಾರದು.

ಕಾರಿನ ಹತ್ತಿರ ವೆಲ್ಡಿಂಗ್ ಕಿಡಿಯೇ ಬರಕೂಡದು. ರಾಳ ಹೊತ್ತಿಕೊಳ್ಳುತ್ತದೆ, ಕಿಡಿ ಬಿದ್ದ ಗಾಜಿನಲ್ಲಿ ಕಲೆ ಉಳಿಯುತ್ತದೆ, ಬ್ಯಾಟರಿ ಬಿಚ್ಚದಿದ್ದರೆ ಎಲೆಕ್ಟ್ರಾನಿಕ್ಸ್‌ಗೂ ಏಟು. ಹಾಗಾದರೆ ಅಳತೆ ಕೂಡಿಸುವುದು ಹೇಗೆ? ಕಾಲಿನ ಬುಡದ ಪ್ಲೇಟುಗಳನ್ನು ಮೊದಲು ಕಾರಿಗೆ ಬೋಲ್ಟ್ ಮಾಡಿದೆವು. ಅವೆರಡರ ನಡುವೆ ಒಂದು ಉದ್ದ ಪ್ಲೈವುಡ್ ಹಲಗೆ ಇಟ್ಟು ಪ್ಲೇಟಿನ ತೂತು, ಓರೆ, ಎತ್ತರ ಎಲ್ಲವನ್ನೂ ಅದರ ಮೇಲೆ ಗೀಚಿಕೊಂಡೆವು. ಆಮೇಲೆ ಶಾಪಿನ ಆ್ಯಂಗಲ್ ಟೇಬಲ್ ಮೇಲೆ ಅದೇ ಅಳತೆಗೆ ಕಾರಿನ ಬೆನ್ನಿನ ನಕಲು ಕಟ್ಟಿದೆವು. ವೆಲ್ಡಿಂಗ್ ಎಲ್ಲ ಆ ನಕಲಿನ ಮೇಲೇ ಆಯಿತು.

1.6 ಮಿಲಿಮೀಟರ್ ಪೈಪಿಗೆ ಸಾದಾ ರಾಡ್ ವೆಲ್ಡಿಂಗ್ ಮಾಡಿದರೆ ಕೈ ಒಂಚೂರು ತಡೆದರೂ ತೂತು ಬೀಳುತ್ತದೆ. ಮೇಸ್ತ್ರಿ ಸಿಒಟು ಮೆಷಿನ್ ತೆಗೆದರು, ರಾಡ್ ಬದಲು ಸಣ್ಣ ತಂತಿಯಿಂದ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಬೆಸೆಯುವಂಥದ್ದು. ಮೊದಲು ಎಲ್ಲ ಮೂಲೆಗೂ ಚುಕ್ಕೆ ಟಾಕಿ. ನಂತರ ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ, ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ಒಂದೇ ಕಡೆ ಪೂರ್ತಿ ಬೆಸೆದರೆ ತಣ್ಣಗಾಗುವಾಗ ಕಬ್ಬಿಣ ಆ ಕಡೆಗೆ ಎಳೆದುಕೊಂಡು ಚೌಕಟ್ಟು ತಿರುಚುತ್ತದೆ. ಕಾಲು ಬಾಗುವ ಒಳಮೂಲೆಗೆ ಒಂದೊಂದು ಓರೆ ಪಟ್ಟಿ ಕೊಟ್ಟರು. ಭಾರ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲಿ ಮತ್ತು ಬುಡದ ಪ್ಲೇಟಿನಲ್ಲಿ. ಬುಡದ ಬೋಲ್ಟುಗಳು ಎಂ8, 8.8 ಗ್ರೇಡು, ಅಲುಗಾಟಕ್ಕೆ ಸಡಿಲಾಗದ ಹಾಗೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು. ತಲೆಯ ಮೇಲೆ 8.8 ಅಂತ ಅಚ್ಚೊತ್ತಿರದ ಬೋಲ್ಟನ್ನು ಇಲ್ಲಿ ಹಾಕಬೇಡಿ.

ಮಡಚುವ ಕೀಲಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಪಿನ್ನೇ ಸಾಕಾಯಿತು. ಹಿಂದೆ ನೇಗಿಲು, ಟ್ರೈಲರ್ ಸಿಕ್ಕಿಸುತ್ತಾರಲ್ಲ, ಆ ಪಿನ್, ಅದರ ತುದಿಗೆ ಉಂಗುರದ ಲಿಂಚ್ ಪಿನ್. ಕೈಯಲ್ಲೇ ತೆಗೆಯಬಹುದು, ತಾನಾಗಿ ಬೀಳುವುದಿಲ್ಲ. ಆದರೆ ಟ್ರ್ಯಾಕ್ಟರ್ ಪಿನ್ ತೂತಿನಲ್ಲಿ ಸಡಿಲವಾಗೇ ಕೂರುತ್ತದೆ. ಹೊಲದಲ್ಲಿ ಯಾರೂ ಕೇಳುವುದಿಲ್ಲ, ಕಾರಿನಲ್ಲಿ ಕಟಕಟ ಅನ್ನುತ್ತದೆ. ಇದಕ್ಕೆ ಬುಷ್, ಅಂದರೆ ತೂತಿಗೂ ಪಿನ್ನಿಗೂ ನಡುವೆ ಕೂರುವ ಸಣ್ಣ ಕೊಳವೆ, ಕಡೆಸಲು ಹರಿಹರಕ್ಕೆ ಹೋದೆ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು ಅದು. ಕಾರ್ಖಾನೆ ನಿಂತು ಎಷ್ಟೋ ವರ್ಷವಾಯಿತು, ಲೇತ್‌ಗಳು ಮಾತ್ರ ಊರೂರಲ್ಲಿ ಇನ್ನೂ ತಿರುಗುತ್ತಿವೆ. ನಾನು ಹೋದ ಶಾಪಿನಲ್ಲೂ ಅದೇ ಕಂಪನಿಯ ಹಳೇ ಲೇತ್. ವಯಸ್ಸಾದ ಟರ್ನರ್ ನನ್ನ ಪಿನ್ನನ್ನು ಬೆರಳಲ್ಲಿ ಹೊರಳಿಸಿ, ಮೈಕ್ರೋಮೀಟರ್ ಹಿಡಿದು, ಬಿಳಿ ನೈಲಾನ್ ಸರಳಿನಿಂದ ಬುಷ್ ತೆಗೆದುಕೊಟ್ಟರು. ಸುರುಳಿ ಸುರುಳಿಯಾಗಿ ನೈಲಾನ್ ಬಿಚ್ಚಿಕೊಂಡು ಅವರ ಚಪ್ಪಲಿ ಮೇಲೆ ಬೀಳುತ್ತಿತ್ತು. ಪಿನ್ ತೂರಿಸಿದರೆ ಗಾಳಿ ಹೊರಗೆ ಬರುವ ಪುಸ್ ಅನ್ನೋ ಸದ್ದು. "ಇಷ್ಟು ಸಾಕಾ?" ಅಂದರು. ನಾನು ಇನ್ನೇನು ಹೇಳಲಿ!

ಪೌಡರ್ ಕೋಟಿಂಗ್ ಕೊಡುವ ಮುಂಚೆ ಪ್ರತಿ ಪೈಪಿನ ಕೆಳಭಾಗಕ್ಕೆ ಸಣ್ಣ ತೂತು ಹಾಕಿಸಿದೆ. ಕೋಟಿಂಗ್ ಒಲೆಯಲ್ಲಿ 180ರಿಂದ 200 ಡಿಗ್ರಿ ಬಿಸಿ ಇರುತ್ತದೆ. ಎಲ್ಲ ಕಡೆ ಮುಚ್ಚಿದ ಪೈಪಿನಲ್ಲಿ ಗಾಳಿ ಹಿಗ್ಗಿ ವೆಲ್ಡಿಂಗ್‌ನ ಸೂಜಿರಂಧ್ರಗಳಿಂದ ಹೊರಗೆ ನುಗ್ಗುತ್ತದೆ, ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಮಳೆ ನೀರು ಒಳಗೆ ಹೋದರೂ ಅದೇ ತೂತಿನಿಂದ ಇಳಿದುಹೋಗುತ್ತದೆ. ಬಣ್ಣ ಮಂಕು ಕಪ್ಪು. ನೈಲಾನ್ ಬುಷ್, ರಬ್ಬರ್ ಎಲ್ಲ ಒಲೆಯಿಂದ ಬಂದ ಮೇಲೇ ಹಾಕಬೇಕು ಅನ್ನೋದು ಹೇಳಬೇಕಾಗಿಲ್ಲ.

ಮುಂದಿನ ಎರಡು ಪಾದಗಳಿಗೆ ಮೊದಲು ಲಾರಿ ಟ್ಯೂಬಿನ ತುಂಡು ಅಂದುಕೊಂಡಿದ್ದೆ. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಕಪ್ಪು ರಬ್ಬರ್ ಬಿಸಿಲಲ್ಲಿ ತಿಂಗಳುಗಟ್ಟಲೆ ಬಣ್ಣಕ್ಕೆ ಅಂಟಿಕೊಂಡಿದ್ದರೆ ಕಂದು ಕಲೆ ಬಿಡುತ್ತದೆ, ಉಜ್ಜಿದರೂ ಹೋಗಲ್ಲ. ಅದಕ್ಕೇ ಪಾದ ಕೂರುವ ಜಾಗಕ್ಕೆ ಪಾರದರ್ಶಕ ಪೇಂಟ್ ಫಿಲ್ಮ್ ಅಂಟಿಸಿ, ಮೇಲೆ ಅಂಗೈ ಅಗಲದ ರಬ್ಬರ್ ಕೊಟ್ಟೆ. ಪಾದದ ಎತ್ತರ ನಿಲ್ಲಿಸಿದ್ದು ಒಂದು ಕಾಗದದ ಚೂರಿನಿಂದ. ಕ್ಯಾರಿಯರ್ ಖಾಲಿ ಇದ್ದಾಗ ಪಾದದ ಕೆಳಗೆ ಇಟ್ಟ ಕಾಗದ ಸರಾಗವಾಗಿ ಬರಬೇಕು. ಸಾಮಾನು ಹೇರಿದಾಗ ಸ್ವಲ್ಪ ಹಿಡಿದು ಬರಬೇಕು, ಆದರೆ ಹರಿಯಬಾರದು. ಹರಿದರೆ ಫೈಬರ್ ಮೇಲೆ ಭಾರ ಬೀಳುತ್ತಿದೆ ಅಂತ ಅರ್ಥ. ಬೋಲ್ಟ್ ಅರ್ಧ ಸುತ್ತು, ಕಾಲು ಸುತ್ತು ತಿರುಗಿಸಿ ತಿರುಗಿಸಿ ಆ ಜಾಗ ಸಿಕ್ಕಿತು.

ಪರೀಕ್ಷೆಗೆ ದಾವಣಗೆರೆಗಿಂತ ಒಳ್ಳೆ ಊರು ಇಲ್ಲ. ಭಾರಕ್ಕೆ 25 ಕೆ.ಜಿ. ಅಕ್ಕಿ ಚೀಲ, ಗಾಳಿಗೆ ಮಂಡಕ್ಕಿ ಚೀಲ. ಅಕ್ಕಿ ಚೀಲ ಕಟ್ಟಿಕೊಂಡು ಊರೊಳಗಿನ ಹಂಪ್‌ಗಳನ್ನೆಲ್ಲ ಹಾರಿಸಿದೆ. ವಾಪಸ್ ಬಂದು ನೋಡಿದರೆ ಬೋಲ್ಟ್ ಮೇಲೆ ಗುರುತಿಗೆ ಎಳೆದಿದ್ದ ಬಿಳಿ ಗೆರೆ ಒಂದು ಕಡೆ ಕೂದಲಷ್ಟು ಸರಿದಿತ್ತು. ಹೊಸ ಬಣ್ಣದ ಪದರ ಪ್ಲೇಟಿನ ಕೆಳಗೆ ಅಮುಕಿಕೊಂಡಿತ್ತು, ಇದು ಆಗುವಂಥದ್ದೇ. ಮತ್ತೆ ಬಿಗಿದ ಮೇಲೆ ಸರಿಯಲಿಲ್ಲ. ಇನ್ನು ಮಂಡಕ್ಕಿ ಭಟ್ಟಿಯಿಂದ ತಂದ ಚೀಲ. ತೂಕ ಏನೂ ಇಲ್ಲ, ಗಾತ್ರ ನೋಡಿದರೆ ಕಾರಿಗಿಂತ ಜಾಸ್ತಿ. ಅದನ್ನು ಕಟ್ಟಿಕೊಂಡು ಹೆದ್ದಾರಿಗೆ ಹೋದಾಗ ಲಾರಿಯೊಂದರಲ್ಲಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕರು.

ಗಾಳಿಯಲ್ಲಿ ಎರಡು ವಿಷಯ ಗೊತ್ತಾದವು. ಚಪ್ಪಟೆ ಬೆಲ್ಟನ್ನು ನೇರವಾಗಿ ಬಿಗಿದರೆ ಅದು ಗಾಳಿಗೆ ಪಟಪಟ ಬಡಿದುಕೊಂಡು ಜೋರಾಗಿ ಗುಂಯ್‌ಗುಡುತ್ತದೆ. ಕಟ್ಟುವಾಗಲೇ ಬೆಲ್ಟಿಗೆ ಒಂದು ತಿರುವು ಕೊಟ್ಟರೆ ಸದ್ದು ಹೋಗುತ್ತದೆ. ಇದನ್ನು ಲಾರಿಯವರು ಬಹಳ ಹಿಂದಿನಿಂದ ಮಾಡುತ್ತಾರೆ. ಎರಡನೆಯದು ಖಾಲಿ ಕ್ಯಾರಿಯರ್‌ನ ಸಮಸ್ಯೆ. ಆನಗೋಡು ದಾಟಿ ವೇಗ 80 ಮುಟ್ಟಿದ್ದೇ ತಡ, ಹಿಂದಿನಿಂದ ತಂಬೂರಿ ಶ್ರುತಿ ಶುರು. 70ಕ್ಕೆ ಇಳಿದರೆ ಶ್ರುತಿಯೂ ಇಳಿಯುತ್ತದೆ, 90ಕ್ಕೆ ಹೋದರೆ ಏರುತ್ತದೆ. ದುಂಡು ಪೈಪಿಗೆ ಅಡ್ಡಲಾಗಿ ಗಾಳಿ ಬೀಸಿದಾಗ ಅದರ ಹಿಂದೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸುಳಿಗಳು ಹುಟ್ಟಿ ಹುಟ್ಟಿ ಕಳಚುತ್ತವೆ. 19 ಮಿಲಿಮೀಟರ್ ಪೈಪಿಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 230 ಸಲ. ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಎತ್ತರದ ಉಕ್ಕಿನ ಚಿಮಣಿಗಳ ತುದಿಯಲ್ಲಿ ತಿರುಪಿನ ಹಾಗೆ ಸುತ್ತಿದ ಪಟ್ಟಿ ಇರುತ್ತದಲ್ಲ, ಅದು ಇದೇ ಸುಳಿಗಳನ್ನು ಒಡೆಯುವುದಕ್ಕೆ. ನಾನು ಅಡ್ಡ ಪೈಪುಗಳಿಗೆ ಕಪ್ಪು ನೈಲಾನ್ ಹಗ್ಗವನ್ನು ದೂರ ದೂರ ಸುತ್ತಿ ಎರಡೂ ತುದಿಗೆ ಅಂಟು ಹಾಕಿದೆ. ಶ್ರುತಿ ನಿಂತಿತು. ಸೂಟ್‌ಕೇಸ್ ಜಾರದೆ ಕೂರುವುದಕ್ಕೂ ಆ ಹಗ್ಗವೇ ಉಪಯೋಗಕ್ಕೆ ಬಂತು.

ರಬ್ಬರ್ ಎಲಾಸ್ಟಿಕ್ ಕೊಕ್ಕೆಗಳನ್ನು ಸಾಮಾನು ಕಟ್ಟಲು ನಂಬಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಬೈಕಿಗೆ ಆಗಬಹುದು. ಚಿತ್ರದುರ್ಗ ಹತ್ತಿರವಾದಂತೆ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು ಕಾಣುತ್ತವಲ್ಲ, ಅವನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಅಡ್ಡಗಾಳಿ ಬಂದಾಗ ಎಲಾಸ್ಟಿಕ್ ಹಿಗ್ಗುತ್ತದೆ, ಸೂಟ್‌ಕೇಸ್ ಒಂದು ಇಂಚು ಸರಿಯುತ್ತದೆ, ಆಮೇಲೆ ಇನ್ನೊಂದು ಇಂಚು. ರ‍್ಯಾಚೆಟ್ ಬೆಲ್ಟ್ ಎರಡು ಇದ್ದರೆ ಸಾಕು. ಇನ್ನೊಂದು, ಹಿಂದಿನ ಚಕ್ರದ ಆಚೆಗೆ ಭಾರ ಇಟ್ಟರೆ ಮುಂದಿನ ಚಕ್ರ ಅಷ್ಟಿಷ್ಟು ಹಗುರಾಗುತ್ತದೆ. ಅರ್ಧ ಮೀಟರ್ ಹಿಂದೆ 20 ಕೆ.ಜಿ. ಇಟ್ಟರೆ ಮುಂದೆ ಐದು ಕೆ.ಜಿ.ಯಷ್ಟು ಕಳೆಯಿತು ಅಂದುಕೊಳ್ಳಿ. ಇಷ್ಟು ಸಣ್ಣ ಕಾರಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಅದೂ ಗೊತ್ತಾಗುತ್ತದೆ. ಹಾಗಾಗಿ ಭಾರದ ಸಾಮಾನು ಡಿಕ್ಕಿಯೊಳಗೆ, ಹಗುರಾದ ದೊಡ್ಡ ಸಾಮಾನು ಮೇಲೆ. ಅಂದರೆ ಕಾಯಿ ಒಳಗೆ, ಬಟ್ಟೆ ಹೊರಗೆ. ಕ್ಯಾರಿಯರ್ ಮಾಡಿಸಿದ್ದೇ ಕಾಯಿ ಹೇರಲು ಅಂತ ತಿಳಿದಿದ್ದ ಮಾವ ಇದನ್ನು ಕೇಳಿ ಸ್ವಲ್ಪ ಬೇಜಾರಾದರು. ಆಮೇಲೆ ಹೆಂಡತಿಯ ಕಾಲು ಚಾಚುವಷ್ಟು ಜಾಗ ನೋಡಿ ಒಪ್ಪಿದರು.

ಪೈಪು, ವೆಲ್ಡಿಂಗ್, ಬುಷ್, ಕೋಟಿಂಗ್, ಬೆಲ್ಟ್ ಎಲ್ಲ ಸೇರಿ ಐದಾರು ಸಾವಿರದೊಳಗೆ ಮುಗಿಯಿತು. ಮೇಸ್ತ್ರಿ ಕೂಲಿ ಹೇಳುವ ಮುಂಚೆ ನಿಜಕ್ಕೂ ಕ್ಯಾರಿಯರ್ ಮೇಲೆ ಹತ್ತಿದರು. ಕಾರಿನ ಸ್ಪ್ರಿಂಗ್ ಕೀರಲು ಹೊಡೆಯಿತು, ನನ್ನ ಎದೆಯೂ ಹೊಡೆದುಕೊಂಡಿತು. ಅವರು ಇಳಿದು ಮೊದಲು ನೋಡಿದ್ದು ಕಾಗದದ ಚೂರನ್ನು. ಹರಿದಿರಲಿಲ್ಲ. ಅವರು ಹತ್ತಿ ನಿಂತಿದ್ದು ಕಾಲುಗಳ ನೇರಕ್ಕೆ, ಚಾಚಿದ ತುದಿಯ ಮೇಲಲ್ಲ ಅನ್ನೋದು ನಾನು ಆಮೇಲೆ ಗಮನಿಸಿದ್ದು.

ಬಾಕಿ ಇರುವುದು ಮಳೆಗಾಲದ ವ್ಯವಸ್ಥೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಭರಮಸಾಗರ ಮುಟ್ಟುವಷ್ಟರಲ್ಲಿ ಚಿಂದಿ. ಲಾರಿಗೆ ಟಾರ್ಪಾಲ್ ಹೊಲಿಯುವವರ ಹತ್ತಿರ ಕ್ಯಾನ್ವಾಸ್ ಚೀಲ ಹೊಲಿಸೋಣ ಅಂತ ಹೋಗಿ ಕೇಳಿದೆ. 80ಕ್ಕೆ 42 ಸೆಂಟಿಮೀಟರ್ ಅಂದಾಗ ಅವರು, ಅಡಿ ಲೆಕ್ಕದಲ್ಲಿ ಹೇಳಿ, ಇಷ್ಟು ಸಣ್ಣದಕ್ಕೆ ಬಟ್ಟೆ ಕತ್ತರಿಸಿದರೆ ಉಳಿದ ತುಂಡು ಯಾರಿಗೆ ಮಾರಲಿ ಅಂದರು. ಉಳಿದ ತುಂಡೂ ನನಗೇ ಕೊಡಿ ಅಂತ ಒಪ್ಪಿಸಿ ಬಂದಿದ್ದೇನೆ. ಟಾಪ್‌ನ ಬಟ್ಟೆಗೆ ತೇಪೆ ಹಾಕಲು ಹೇಗೂ ಬೇಕಾಗುತ್ತದೆ.